ಆಸ್ಪತ್ರೆ ಸೆಟ್ಟು, ಹನ್ನೆರಡು ರೂಪಾಯಿ

ನಮ್ಮೂರ ತಾಲೂಕು ಆಸ್ಪತ್ರೆ ಗೇಟಿನ ಎದುರಿಗೇ ನನ್ನ ಅಂಗಡಿ. ಜೆರಾಕ್ಸು, ಪ್ರಿಂಟು, ಲ್ಯಾಮಿನೇಷನ್ನು, ಪಹಣಿ, ಪಾಸ್‌ಪೋರ್ಟ್ ಫೋಟೋ, ಕರೆಂಟ್ ಬಿಲ್ಲು, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ, ಏನು ಕೇಳಿದ್ರೂ ಇಲ್ಲ ಅನ್ನಲ್ಲ. ಬೆಳಗ್ಗೆ ಎಂಟೂವರೆಗೆ ಶಟರ್ ಎತ್ತೋಷ್ಟೊತ್ತಿಗೆ ಯಾರಾದ್ರೂ ಇಬ್ರು ಮೂವರು ನಿಂತೇ ಇರ್ತಾರೆ. ಕಾಲೇಜು ಹುಡುಗ್ರಾದ್ರೆ ಮೊಬೈಲ್ ನೋಡ್ಕೊಂಡು ನಿಂತಿರ್ತಾರೆ. ಆಸ್ಪತ್ರೆಯವರಾದ್ರೆ ಬಟ್ಟೆ ಅಂಗಡಿ ಪ್ಲಾಸ್ಟಿಕ್ ಕವರನ್ನ ಎದೆಗೆ ಅವಚ್ಕೊಂಡು ನಿಂತಿರ್ತಾರೆ, ಅದ್ರೊಳಗೆ ರೇಷನ್ ಕಾರ್ಡು, ಆಧಾರು, ಬ್ಯಾಂಕ್ ಪಾಸ್‌ಬುಕ್ಕು, ಹಳೇ ಮಾತ್ರೆ ಚೀಟಿ, ಅಕ್ಷರ ಎಲ್ಲಾ ಮಾಸಿ ಹೋಗಿರೋ ಇಸಿಜಿ ಕಾಗದ, ಒಂದು ಮದುವೆ ಕರೆಯೋಲೆ ಬೇರೆ ಸುಮ್ಮನೆ ಸೇರ್ಕೊಂಡಿರುತ್ತೆ.

ಅವರಿಗೆ ನಾನು ಕೇಳೋದು ಒಂದೇ ಪ್ರಶ್ನೆ, "ಸೆಟ್ಟಾ?" ರೇಷನ್ ಕಾರ್ಡು, ಆಧಾರು, ಡಾಕ್ಟ್ರು ಬರ್ಕೊಟ್ಟ ರೆಫರಲ್ ಲೆಟರು, ಮೂರೂ ಎರಡೆರಡು ಕಾಪಿ. ಎರಡು ರೂಪಾಯಿ ಲೆಕ್ಕದಲ್ಲಿ ಹನ್ನೆರಡು ರೂಪಾಯಿ. ಆಸ್ಪತ್ರೆ ಸೆಟ್ಟು ಅಂತ ಹೆಸರಿಟ್ಟವನು ನಾನೇ, ಈಗ ಒಳಗಡೆ ಸೆಕ್ಯುರಿಟಿಯವನೂ "ಹೋಗಿ ಎದುರುಗಡೆ ಆಸ್ಪತ್ರೆ ಸೆಟ್ ಮಾಡಿಸ್ಕೊಂಡ್ ಬನ್ನಿ" ಅಂತಾನೆ.

ಏಳು ವರ್ಷದಿಂದ ಈ ಕಿಟಕಿಯಲ್ಲಿ ಕೂತು ನೋಡಿದ್ದನ್ನ ಬರೀಬೇಕು ಅಂತ ತುಂಬ ದಿನದಿಂದ ಇತ್ತು. ಟಿವಿಲಿ ಈ ಗ್ಯಾರಂಟಿ, ಬಿಟ್ಟಿಭಾಗ್ಯ, ಬಡವರು ಸೋಮಾರಿಗಳಾದ್ರು ಅಂತೆಲ್ಲಾ ಚರ್ಚೆ ಬಂದಾಗೆಲ್ಲ ನಂಗೆ ಮೈ ಉರಿಯುತ್ತೆ, ಆ ಕಡೆಯವರು ಬಂದು ಎಲ್ಲಾ ಫ್ರೀ ಕೊಟ್ಟಿದೀವಿ ಇನ್ನೇನು ಬೇಕು ಅಂದ್ರೂ ಅಷ್ಟೇ ಉರಿಯುತ್ತೆ.

ಗೊತ್ತಿಲ್ದೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಈ ಸೆಟ್ಟು ಬೇಕಾಗೋದು ಸರ್ಕಾರದ ಚಿಕಿತ್ಸೆ ಯೋಜನೆಗೆ, ಈಗ ನಡೀತಿರೋದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ. ರಾಜ್ಯದ್ದು ಆರೋಗ್ಯ ಕರ್ನಾಟಕ ಅಂತ 2018ರ ಮಾರ್ಚಲ್ಲಿ ಶುರುವಾಯ್ತು, ಅದೇ ವರ್ಷ ಅಕ್ಟೋಬರ್ ಕೊನೆಗೆ ಕೇಂದ್ರದ್ದನ್ನೂ ಸೇರಿಸಿ ಒಂದೇ ಮಾಡಿದ್ರು. ಬಿಪಿಎಲ್ ಕಾರ್ಡ್ ಇದ್ರೆ ಒಂದು ಮನೆಗೆ ವರ್ಷಕ್ಕೆ 5 ಲಕ್ಷದವರೆಗೂ ಚಿಕಿತ್ಸೆ. ಎಪಿಎಲ್ ಆದ್ರೆ ಸರ್ಕಾರದ ಪ್ಯಾಕೇಜ್ ರೇಟಲ್ಲಿ ಶೇ. 30 ಸರ್ಕಾರ ಕೊಡುತ್ತೆ, ಮಿಕ್ಕ 70 ನಾವೇ ಹಾಕ್ಕೋಬೇಕು, ಅದಕ್ಕೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗ್ಬೇಕು, ಅಲ್ಲಿ ಆಗಲ್ಲ ಅಂದ್ರೆ ಅವರು ರೆಫರ್ ಮಾಡಿದ್ಮೇಲೆ ಪ್ರೈವೇಟಿಗೆ. ಹಾರ್ಟ್ ಅಟ್ಯಾಕು, ಆಕ್ಸಿಡೆಂಟು ಥರ ಎಮರ್ಜೆನ್ಸಿಗೆ ಮಾತ್ರ ರೆಫರಲ್ ಬೇಡ, ನೇರ ಹೋಗ್ಬೋದು. ಈ ವಿಷ್ಯ ಹತ್ರಲ್ಲಿ ಎಂಟು ಜನಕ್ಕೆ ಗೊತ್ತಿಲ್ಲ, ಎದೆನೋವು ಅಂತ ಬಂದವರು ಸೆಟ್ ಮಾಡಿಸ್ಕೊಳ್ಳೋಕೆ ನನ್ನ ಹತ್ರ ನಿಂತಿದ್ದೂ ಉಂಟು, ಬೈದು ಕಳಿಸಿದೀನಿ.

ಇದೆಲ್ಲ ಇಲ್ಲದ ಕಾಲ ಹೇಗಿತ್ತು ಅನ್ನೋದಕ್ಕೆ ನಮ್ಮ ಮನೇಲೇ ಕಥೆ ಇದೆ. 2001ರಲ್ಲಿ ನಮ್ಮ ದೊಡ್ಡಪ್ಪನಿಗೆ ಹಾರ್ಟ್ ಆಪರೇಷನ್ ಆಗ್ಬೇಕು ಅಂದಾಗ ಹದಿನೆಂಟು ಗುಂಟೆ ತೆಂಗಿನ ತೋಟ ಮಾರಿದ್ರು. ರೋಡ್ ಪಕ್ಕದ್ದು, ಫಲಕ್ಕೆ ಬಂದಿದ್ದ ಮರಗಳು. ದೊಡ್ಡಪ್ಪ ಆಮೇಲೆ ನಾಕು ವರ್ಷ ಬದುಕಿದ್ರು ಅಷ್ಟೆ. ಈಗ್ಲೂ ಆ ತೋಟದ ಮುಂದೆ ಬಸ್ಸು ಹೋಗುವಾಗ ದೊಡ್ಡಮ್ಮ ಆ ಕಡೆ ನೋಡಲ್ಲ, ಈ ಕಡೆ ಕಿಟಕಿಗೆ ತಿರುಗಿ ಕೂತ್ಕೋತಾರೆ.

ಆಮೇಲೆ 2003ರಲ್ಲಿ ಯಶಸ್ವಿನಿ ಬಂತು, ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ 60. ಒಳ್ಳೇದೇ, ಆದ್ರೆ ಸಹಕಾರ ಸಂಘದ ಮೆಂಬರ್ ಆಗಿರ್ಬೇಕಿತ್ತು. ಡೈರಿಗೆ ಹಾಲು ಹಾಕೋರು, ಸೊಸೈಟಿ ಸಾಲ ತಗಂಡೋರು ಒಳಗೆ, ಕೂಲಿಯವರು ಹೊರಗೆ. ಹಸು ಇಲ್ಲ ಹೊಲ ಇಲ್ಲ ಅಂದೋನಿಗೇ ಕಾಯಿಲೆಗೆ ದುಡ್ಡು ಇಲ್ಲದಿರೋದು, ಅವನಿಗೇ ಆ ಕಾರ್ಡೂ ಇಲ್ಲ. (2018ರಲ್ಲಿ ಅದನ್ನ ಆರೋಗ್ಯ ಕರ್ನಾಟಕಕ್ಕೆ ಸೇರಿಸಿ ನಿಲ್ಲಿಸಿದ್ರು, 2022ರಲ್ಲಿ ಮತ್ತೆ ಶುರು ಮಾಡಿದಾರೆ, ಹಳ್ಳಿಯಲ್ಲಿ ನಾಕು ಜನದ ಮನೆಗೆ 500 ರೂಪಾಯಿ, ಅದರ ಅರ್ಜಿಗೂ ನನ್ನ ಹತ್ರಾನೇ ಬರ್ತಾರೆ.)

2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಅಂತ ಮೊದಲು ಕಲಬುರಗಿ ವಿಭಾಗದಲ್ಲಿ ಶುರುವಾಗಿ ಆಮೇಲೆ ನಮ್ಮ ಕಡೆಗೂ ಬಂತು. ಹಾರ್ಟು, ಕ್ಯಾನ್ಸರು, ಕಿಡ್ನಿ ಥರದ ದೊಡ್ಡ ಕಾಯಿಲೆಗೆ, ಬಿಪಿಎಲ್‌ನವರಿಗೆ ಒಂದು ಪೈಸೆ ಕಟ್ಟೋ ಹಾಗಿಲ್ಲ. 2014ರಲ್ಲಿ ನಮ್ಮಪ್ಪನಿಗೆ ಬೆಂಗಳೂರಲ್ಲಿ ಸ್ಟೆಂಟ್ ಹಾಕಿದ್ದು ಅದ್ರಲ್ಲೇ. ಅದೇ ವರ್ಷ ಬಿಎಂಜೆ ಅನ್ನೋ ಡಾಕ್ಟರ್‌ಗಳ ಜರ್ನಲ್‌ನಲ್ಲಿ ಈ ಯೋಜನೆ ಬಗ್ಗೆ ಒಂದು ಅಧ್ಯಯನ ಬಂದಿತ್ತು, ಯೋಜನೆ ಇದ್ದ ಹಳ್ಳಿ, ಇನ್ನೂ ಬರದೇ ಇದ್ದ ಅಕ್ಕಪಕ್ಕದ ಹಳ್ಳಿ, ಎರಡನ್ನೂ ಹೋಲಿಸಿ ನೋಡಿದ್ರಂತೆ, ಆ ಕಾಯಿಲೆಗಳಿಂದ ಬಡ ಮನೆಗಳಲ್ಲಿ ಆಗೋ ಸಾವು ಯೋಜನೆ ಇದ್ದ ಕಡೆ ಶೇ. 64ರಷ್ಟು ಕಡಿಮೆ ಇತ್ತು. ನಾನು ಅದನ್ನ ಓದಿದ್ದು ಎಷ್ಟೋ ವರ್ಷ ಆದ್ಮೇಲೆ. ಓದ್ತಾ ಇದ್ರೆ ಅಪ್ಪ ಹೊರಗೆ ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕ್ಕೋತಾ ಇದ್ರು. ಇವತ್ತಿಗೂ ಇದಾರೆ, ಎಲೆ ಅಡಿಕೆ ಬಿಟ್ಟಿಲ್ಲ.

ಹಾಗಾಗಿ ಯೋಜನೆಯಿಂದ ಏನೂ ಆಗ್ಲಿಲ್ಲ ಅನ್ನೋರ ಜೊತೆ ನಾನು ವಾದ ಮಾಡಲ್ಲ, ಎದ್ದು ಹೋಗ್ತೀನಿ.

ತಕರಾರು ಬೇರೆ ಕಡೆ ಇದೆ. ನಮ್ಮಲ್ಲಿಗೆ ಒಬ್ರು ಅಕ್ಕ ಬರ್ತಾರೆ, ಗಂಡನಿಗೆ ಎರಡೂ ಕಿಡ್ನಿ ಹೋಗಿದೆ, ವಾರಕ್ಕೆ ಎರಡು ಸಲ ಡಯಾಲಿಸಿಸ್. ತಾಲೂಕು ಆಸ್ಪತ್ರೆಯಲ್ಲೇ ಆಗುತ್ತೆ, ಫ್ರೀ. ಹತ್ತು ವರ್ಷದ ಹಿಂದೆ ಈ ಮಾತು ಹೇಳಿದ್ರೆ ಯಾರೂ ನಂಬ್ತಿರ್ಲಿಲ್ಲ. ಈ ಅಕ್ಕ ಅಡಿಕೆ ಸುಲಿಯೋ ಕೆಲಸಕ್ಕೆ ಹೋಗೋರು, ಕೈಗೆಲ್ಲ ಅಡಿಕೆ ಕರೆ ಹತ್ತಿ ಕಪ್ಪಾಗಿ ಬೆರಳ ತುದಿ ಸವೆದು ನುಣ್ಣಗಾಗಿ ಹೋಗಿದೆ. ರೇಷನ್ ಕಾರ್ಡಿನ ಕೆವೈಸಿ ಮಾಡಿಸೋಕೆ ಮೂರು ಸಲ ಬಂದ್ರು, ಮಿಷಿನ್ ಮೇಲೆ ಬೆರಳಿಟ್ಟಾಗೆಲ್ಲ ಕೆಂಪು ದೀಪ. ಒದ್ದೆ ಬಟ್ಟೇಲಿ ಒರೆಸಿದ್ವಿ, ಸ್ಯಾನಿಟೈಸರ್ ಹಾಕಿದ್ವಿ, ಕೊನೆಗೆ ಅವರೇ ಬೆರಳನ್ನ ತಲೆಗೂದಲಿಗೆ ಉಜ್ಜಿ ಎಣ್ಣೆ ಹತ್ತಿಸ್ಕೊಂಡು ಇಟ್ರು, ಎಡಗೈ ಉಂಗುರದ ಬೆರಳು ತಗೊಳ್ತು. "ಬಂತಾ ಅಣ್ಣ?" ಅಂದ್ರು. ಬಂತು ಅಂದೆ. ಆ ಒಂದು ಬೆರಳಿಂದ ಅಕ್ಕಿ ಉಳೀತು, ಕಾರ್ಡ್ ಉಳೀತು, ಗಂಡನ ಡಯಾಲಿಸಿಸ್ ಉಳೀತು.

ಅವತ್ತು ಒಂದು ಮಾತು ಹೇಳಿದ್ರು. "ಡಯಾಲಿಸಿಸ್ ಫ್ರೀ ಕಣಣ್ಣ, ನಾನೇ ಫ್ರೀ ಇಲ್ಲ."

ಲೆಕ್ಕ ಹಾಕಿ ನೋಡಿ. ವಾರಕ್ಕೆ ಎರಡು ದಿನ ಗಂಡನ ಜೊತೆ ಬೆಳಗ್ಗೆ ಬಂದು ಸಂಜೆ ಹೋದ್ರೆ ಎರಡು ದಿನದ ಕೂಲಿ ಹೋಯ್ತು. ನರೇಗಾ ಕೂಲಿ 2025-26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು, ಅದನ್ನೇ ಹಿಡಿದ್ರೂ ತಿಂಗಳಿಗೆ ಮೂರು ಸಾವಿರದ ಹತ್ರ ಆಗುತ್ತೆ. ಗೃಹಲಕ್ಷ್ಮಿ 2000 ಬರುತ್ತೆ, ಅದೂ ಕೆಲವು ಸಲ ಎರಡು ಮೂರು ತಿಂಗಳದ್ದು ಒಟ್ಟಿಗೆ. ಶಕ್ತಿ ಯೋಜನೆಯಿಂದ ಬಸ್ಸಲ್ಲಿ ಇವರಿಗೆ ಸೊನ್ನೆ ಟಿಕೆಟ್, ಕಾಯಿಲೆ ಇರೋ ಗಂಡನಿಗೆ ಫುಲ್ ಟಿಕೆಟ್. ನಗು ಬರುತ್ತೆ ಆದ್ರೆ ಶಕ್ತಿ ಇಲ್ದಿದ್ರೆ ಎರಡು ಟಿಕೆಟ್ ಆಗ್ತಿತ್ತಲ್ಲ, ಅದಕ್ಕೆ ಬೈಯೋಕೂ ಆಗಲ್ಲ. ಮಿಷಿನ್ ಕೆಟ್ಟಾಗ ಜಿಲ್ಲಾಸ್ಪತ್ರೆಗೆ ಹೋಗ್ಬೇಕು, ಅಲ್ಲಿ ಸರದಿ ರಾತ್ರಿಗೆ ಬಂದ್ರೆ ವಾಪಸ್ ಬಸ್ಸಿಲ್ಲ. ರಕ್ತ ಹೆಚ್ಚಾಗೋ ಇಂಜೆಕ್ಷನ್ನು ಕೆಲವು ಸಲ ಸ್ಟಾಕ್ ಇರಲ್ಲ, ಹೊರಗೆ ತರ್ಬೇಕು. ಮಧ್ಯಾಹ್ನದ ಊಟಕ್ಕೆ ಇಂದಿರಾ ಕ್ಯಾಂಟೀನ್ 10 ರೂಪಾಯಿ, ಅದೊಂದು ಪುಣ್ಯ. ನೋಡೋಕೆ ಬರೋ ನೆಂಟರು ಪ್ರೀತಿಗೆ ಎಳನೀರು ತರ್ತಾರೆ, ತೆಂಗಿನ ಸೀಮೆಯಲ್ವ ನಮ್ದು, ಕಿಡ್ನಿ ಹೋದವರಿಗೆ ಎಳನೀರು ಆಗಲ್ಲ ಅಂತ ಹೇಳಿ ಹೇಳಿ ನರ್ಸಮ್ಮನಿಗೆ ಸಾಕಾಗಿದೆ. ಅದನ್ನ ಈ ಅಕ್ಕ ಕುಡಿದು ಬಿಸಿಲಲ್ಲಿ ಗೋಡೆಗೆ ಒರಗಿ ಕೂತಿರ್ತಾರೆ.

5 ಲಕ್ಷದ ಯೋಜನೆಯಲ್ಲಿ ಹಾಸಿಗೆ ಮೇಲೆ ಮಲಗಿರೋರಿಗೆ ಪ್ಯಾಕೇಜ್ ಕೋಡ್ ಇದೆ, ಹಾಸಿಗೆ ಪಕ್ಕ ಕೂತಿರೋರಿಗೆ ಕೋಡಿಲ್ಲ. ಅಡ್ಮಿಟ್ ಆಗೋಕಿಂತ ಮುಂಚಿನ ಓಡಾಟಕ್ಕೂ ಇಲ್ಲ. ಬಿಪಿ, ಶುಗರ್ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಫ್ರೀ ಇದೆ, ಇದ್ದಾಗ ಇದೆ, ಸಪ್ಲೈ ಇಲ್ಲ ಅಂದ ತಿಂಗಳು ನಮ್ಮ ಜನ ಮೆಡಿಕಲ್ ಸ್ಟೋರಿಗೆ ಹೋಗಲ್ಲ, ಮಾತ್ರೆ ನಿಲ್ಲಿಸ್ತಾರೆ ಅಷ್ಟೇ. ಅಥವಾ ದಿನ ಬಿಟ್ಟು ದಿನ ತಗೋತಾರೆ. ಹಂಗೆ ಒಂದೆರಡು ವರ್ಷ ಮಾಡಿ ಸ್ಟ್ರೋಕ್ ಆಗಿಯೋ ಕಿಡ್ನಿ ಹೋಗಿಯೋ ಬರ್ತಾರೆ ನೋಡಿ, ಆಗ 5 ಲಕ್ಷ ರೆಡಿ ಇರುತ್ತೆ. ಇಡೀ ದೇಶದ ಲೆಕ್ಕದಲ್ಲಿ ಆರೋಗ್ಯಕ್ಕೆ ಆಗೋ ಒಟ್ಟು ಖರ್ಚಲ್ಲಿ ಜನ ತಮ್ಮ ಜೇಬಿಂದ ಹಾಕೋದು 2013-14ರಲ್ಲಿ ಶೇ. 64 ಇದ್ದದ್ದು 2021-22ಕ್ಕೆ ಶೇ. 39ಕ್ಕೆ ಇಳಿದಿದೆ ಅಂತ ಕೇಂದ್ರ ಸರ್ಕಾರದ ಲೆಕ್ಕವೇ ಹೇಳುತ್ತೆ, ಇಳಿದಿರೋದು ಸಂತೋಷ, ಆದ್ರೆ ಕೂಲಿ ಹೋಗಿದ್ದು ಆ ಲೆಕ್ಕಕ್ಕೆ ಬರೋದೇ ಇಲ್ಲ.

ಮನೆಮನೆಗೆ ಹೋಗಿ ಬಿಪಿ ಶುಗರ್ ನೋಡೋದು ಅಂತ ಗೃಹ ಆರೋಗ್ಯ 2024ರಲ್ಲಿ ಕೋಲಾರದಿಂದ ಶುರು ಮಾಡಿದ್ರು. ನಂಗೆ ಎಲ್ಲಕ್ಕಿಂತ ಇಷ್ಟ ಆದ ಯೋಚನೆ ಅದು. ಆದ್ರೆ ಇಂಥದ್ದು ಏನೇ ಬಂದ್ರೂ ಮನೆಬಾಗಿಲಿಗೆ ಮೊದಲು ಹೋಗೋಳು ಆಶಾ ಕಾರ್ಯಕರ್ತೆ. ನನ್ನ ಹೆಂಡತಿ ಅಕ್ಕನೂ ಆಶಾನೇ. 2025ರ ಜನವರಿ ಚಳಿಯಲ್ಲಿ ಫ್ರೀಡಂ ಪಾರ್ಕಲ್ಲಿ ಸಾವಿರಾರು ಆಶಾಗಳು ಹಗಲೂ ರಾತ್ರಿ ಕೂತಿದ್ರಲ್ಲ, ತಿಂಗಳಿಗೆ 15 ಸಾವಿರ ಕೊಡಿ ಅಂತ, ಇವರೂ ಇದ್ರು. ಕೊನೆಗೆ 10 ಸಾವಿರಕ್ಕೆ ಕಮ್ಮಿ ಆಗದ ಹಾಗೆ ಕೊಡ್ತೀವಿ ಅಂತ ಮಾತಾಯ್ತು, ಎದ್ದು ಬಂದ್ರು. ಬಂದ ಮಾರನೇ ದಿನ ನನ್ನ ಅಂಗಡೀಲಿ ಕೂತು ಪೋರ್ಟಲ್‌ಗೆ ಗರ್ಭಿಣಿಯರ ವಿವರ ಹಾಕ್ತಾ ಇದ್ರು, ಅವರ ಮೊಬೈಲಲ್ಲಿ ಆಪ್ ಓಪನ್ನೇ ಆಗ್ತಿರ್ಲಿಲ್ಲ. "ಭಾವ, ನಿಮ್ ನೆಟ್ಟಿಗೆ ದುಡ್ಡೆಷ್ಟು?" ಅಂತ ರೇಗಿಸಿದ್ರು.

ಇಷ್ಟೆಲ್ಲ ಬೇರೆಯವರ ಮೇಲೆ ಬರೆದ್ನಲ್ಲ, ಈಗ ನನ್ನದು.

ನಮ್ಮ ಬೀದಿಯಲ್ಲೇ ಲಗೇಜ್ ಆಟೋ ಓಡಿಸೋ ಒಬ್ಬ ಅಣ್ಣ ಇದಾನೆ. ತೆಂಗಿನಕಾಯಿ, ಕೊಬ್ಬರಿ ಮೂಟೆ ಹೊಡೀತಾನೆ. ಹಳೇ ಗಾಡಿ ಕೆಟ್ಟು ಕೆರ ಹಿಡಿದಿತ್ತು, ಹೊಸದಕ್ಕೆ ಲೋನ್ ಕೇಳಿದ್ರೆ ಎರಡು ವರ್ಷದ ಐಟಿಆರ್, ಅಂದ್ರೆ ಆದಾಯ ತೆರಿಗೆ ರಿಟರ್ನ್, ತನ್ನಿ ಅಂದ್ರಂತೆ. ನನ್ನ ಹತ್ರ ಬಂದ. ನಾನು ರಿಟರ್ನ್ ಫೈಲ್ ಮಾಡಿಕೊಡ್ತೀನಿ, ಒಂದಕ್ಕೆ ಐನೂರು. ಸುಗಮ್ ಫಾರಂ, ಹೆಸರೇ ಸುಗಮ್, ಹದಿನೈದು ನಿಮಿಷದ ಕೆಲಸ. ಎಷ್ಟು ಆದಾಯ ತೋರಿಸ್ಲಿ ಅಂದೆ. ಅವನಿಗೇನು ಗೊತ್ತು, ಲೋನ್ ಆಗೋಷ್ಟು ತೋರ್ಸು ಅಂದ. ಎರಡು ಲಕ್ಷದ ಎಂಬತ್ತು ಸಾವಿರ ಅಂತ ಒಂದಕ್ಕೆ, ಮೂರು ಹತ್ತು ಅಂತ ಇನ್ನೊಂದಕ್ಕೆ ಹಾಕ್ದೆ. ತೆರಿಗೆ ಸೊನ್ನೆ. ಲೋನ್ ಆಯ್ತು, ಹೊಸ ಗಾಡಿ ಬಂತು, ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ ನನ್ನ ಅಂಗಡಿ ಮುಂದೆನೇ ನಿಲ್ಸಿ ಪೇಡ ಕೊಟ್ಟ.

ಅದೇ ಅಣ್ಣನಿಗೆ ಎರಡು ವರ್ಷದ ಹಿಂದೆ ಮಗಳ ಸ್ಕಾಲರ್‌ಶಿಪ್‌ಗೆ ಆದಾಯ ಪ್ರಮಾಣಪತ್ರದ ಅರ್ಜಿ ಹಾಕಿಕೊಟ್ಟವನೂ ನಾನೇ. ನಾಡಕಚೇರಿಯಿಂದ ಬಂದ ಆ ಕಾಗದದಲ್ಲಿ ಅವನ ವಾರ್ಷಿಕ ಆದಾಯ ನಲವತ್ತು ಸಾವಿರ. ಬ್ಯಾಂಕಿಗೆ ಮೂರು ಲಕ್ಷ, ತಹಸೀಲ್ದಾರ್‌ಗೆ ನಲವತ್ತು ಸಾವಿರ. ಎರಡೂ ಸುಳ್ಳು. ನಲವತ್ತು ಸಾವಿರದಲ್ಲಿ ಮನೆ ನಡೆಯಲ್ಲ ಅಂತ ಗ್ರಾಮ ಲೆಕ್ಕಿಗರಿಗೂ ಗೊತ್ತು. ಆದ್ರೆ ನಿಜ ಹೇಳಿದ್ರೆ ಎರಡು ಕಡೆಯೂ ಕೆಲಸ ಆಗಲ್ಲ. ಬಿಪಿಎಲ್‌ಗೆ ಆದಾಯದ ಮಿತಿ ವರ್ಷಕ್ಕೆ 1.2 ಲಕ್ಷ, ಅಂದ್ರೆ ತಿಂಗಳಿಗೆ ಹತ್ತು ಸಾವಿರ, ಗಂಡ ಹೆಂಡತಿ ಇಬ್ರೂ ನರೇಗಾ ರೇಟಲ್ಲಿ ತಿಂಗಳಿಗೆ ಹದಿನೈದು ದಿನ ದುಡಿದ್ರೂ ಅದನ್ನ ದಾಟಿಬಿಡ್ತಾರೆ. ನಿಜ ಬರೆಸಿದ್ರೆ ನಮ್ಮ ಬೀದಿಯಲ್ಲಿ ಒಂದು ಮನೇಲೂ ಬಿಪಿಎಲ್ ಕಾರ್ಡ್ ಉಳಿಯಲ್ಲ.

2024ರ ನವೆಂಬರಲ್ಲಿ ನೆನಪಿರ್ಬೇಕು ನಿಮಗೆ, ರಾಜ್ಯದಲ್ಲಿ ಒಂದೇ ಸಲ ಎಷ್ಟೋ ಬಿಪಿಎಲ್ ಕಾರ್ಡ್‌ಗಳನ್ನ ಎಪಿಎಲ್ ಮಾಡಿದ್ರು. ಆದಾಯ ತೆರಿಗೆ ಕಟ್ಟೋರು, ಸರ್ಕಾರಿ ನೌಕರರ ಕಾರ್ಡ್ ತೆಗೀತೀವಿ ಅಂತ. ಕಂಪ್ಯೂಟರ್‌ಗೆ ತೆರಿಗೆ ಕಟ್ಟಿದವನಿಗೂ ಸೊನ್ನೆ ತೆರಿಗೆಯ ರಿಟರ್ನ್ ಹಾಕಿದವನಿಗೂ ಏನು ವ್ಯತ್ಯಾಸ ಗೊತ್ತಾಗುತ್ತೆ. ಪಾನ್ ನಂಬರ್ ಸಿಕ್ತು, ರೇಷನ್ ಕಾರ್ಡ್ ಹೋಯ್ತು. ಈ ಅಣ್ಣನಿಗೆ ಯಾರೂ ಹೇಳ್ಲಿಲ್ಲ, ನೋಟಿಸ್ ಬರ್ಲಿಲ್ಲ. ಗೊತ್ತಾಗಿದ್ದು ಯಾವಾಗ ಅಂದ್ರೆ ಅವರಮ್ಮನಿಗೆ ರಾತ್ರಿ ಹನ್ನೊಂದಕ್ಕೆ ಎದೆ ಹಿಡ್ಕೊಂಡು ಅದೇ ಹೊಸ ಆಟೋದಲ್ಲಿ ಹಿಂದೆ ಚಾಪೆ ಹಾಸಿ ಮಲಗಿಸಿಕೊಂಡು ಹೋಗಿ ಒಂದು ಪ್ರೈವೇಟ್ ಆಸ್ಪತ್ರೆ ಕೌಂಟರಲ್ಲಿ ಕಾರ್ಡ್ ನಂಬರ್ ಹೇಳಿದಾಗ. "ನಿಮ್ದು ಎಪಿಎಲ್ ತೋರಿಸ್ತಾ ಇದೆ ಸರ್." ನಂಗೆ ಫೋನ್ ಮಾಡ್ದ. ಹನ್ನೆರಡೂವರೆ ಆಗಿತ್ತು. "ಏನೋ ಇದು, ನಿನ್ನ ಕಂಪ್ಯೂಟರಲ್ಲಿ ನೋಡು, ಸರಿ ಮಾಡು" ಅಂದ. ರಾತ್ರೀಲಿ ಚಡ್ಡಿ ಬನೀನಲ್ಲೇ ಹೋಗಿ ಅಂಗಡಿ ತೆಗೆದು ನೋಡ್ದೆ. ಆಹಾರ ಇಲಾಖೆ ಸೈಟಲ್ಲಿ ಅವನ ಕಾರ್ಡು ಎಪಿಎಲ್ ಅಂತಾನೇ ಇತ್ತು. ಕಾರಣದ ಜಾಗದಲ್ಲಿ ಆದಾಯ ತೆರಿಗೆ.

ನಾನು ಅದನ್ನ ಅವನಿಗೆ ಅವತ್ತು ಹೇಳ್ಲಿಲ್ಲ. ಸರ್ವರ್ ಪ್ರಾಬ್ಲಂ ಅಣ್ಣ ಅಂದೆ.

ಸ್ಟೆಂಟ್ ಹಾಕಿದ್ರು, ಅವರಮ್ಮ ಚೆನ್ನಾಗಿದಾರೆ. ಅವನ ಕೈಯಿಂದ ಹೋಗಿದ್ದು ಎಂಬತ್ತೆರಡು ಸಾವಿರ, ಅದರಲ್ಲಿ ಐವತ್ತು ಸಾವಿರ ಮೀಟರ್ ಬಡ್ಡಿಗೆ ತಂದಿದ್ದು. ಆ ಕಡೆ ಗಲಾಟೆ ಜೋರಾಗಿ ಮುಖ್ಯಮಂತ್ರಿಗಳು ತೆರಿಗೆ ಕಟ್ಟೋರು, ಸರ್ಕಾರಿ ನೌಕರರು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡಿ ಅಂದ್ರು, ಇವನದ್ದಕ್ಕೆ ಎರಡು ತಿಂಗಳು ತಾಲೂಕಾಫೀಸು ಅಲೆದು ಸೊನ್ನೆ ತೆರಿಗೆ ಅಂತ ಅದೇ ಐಟಿಆರ್ ಕಾಪಿ ಲಗತ್ತಿಸಿ ಅರ್ಜಿ ಕೊಟ್ಟು ವಾಪಸ್ ಮಾಡಿಸಿದ್ವಿ. ಅರ್ಜಿ ಬರೆದವನು ನಾನೇ, ಪ್ರಿಂಟ್ ತೆಗೆದವನೂ ನಾನೇ. ಅವನ ಹೆಂಡತಿಗೆ ಬರ್ತಿದ್ದ ಗೃಹಲಕ್ಷ್ಮಿ ಮಧ್ಯದಲ್ಲಿ ನಿಂತಿದ್ದು ಮಾತ್ರ ಇವತ್ತಿನವರೆಗೂ ಬಂದಿಲ್ಲ, ಅಲ್ಲೂ ತೆರಿಗೆ ಕಟ್ಟೋರು ಅಂತಾನೇ ತೋರಿಸುತ್ತೆ. ಅದನ್ನ ಸರಿಮಾಡ್ಸೋಕೆ ಬೇರೆ ಇಲಾಖೆ, ಬೇರೆ ಕೌಂಟರು, ಬೇರೆ ಸೆಟ್ಟು.

ಕೊನೆಗೆ ಒಂದಿನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಹೇಳ್ದೆ, ಅಣ್ಣ ಅದು ಸರ್ವರ್ ಅಲ್ಲ, ನಾನು ಹಾಕಿದ ರಿಟರ್ನಿಂದ ಆಗಿದ್ದು ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದ. ಬೈತಾನೆ ಅಂದ್ಕೊಂಡಿದ್ದೆ. "ನೀನ್ ಹಾಕ್ದೇ ಇದ್ರೆ ಗಾಡಿ ಬರ್ತಿರ್ಲಿಲ್ಲ, ಗಾಡಿ ಇಲ್ದಿದ್ರೆ ಅಮ್ಮನ್ನ ಯಾವುದ್ರಲ್ಲಿ ಕರ್ಕೊಂಡ್ ಹೋಗ್ತಿದ್ದೆ ಬಿಡು" ಅಂದ. ನಂಗೆ ಬೈದಿದ್ರೇ ವಾಸಿ ಇತ್ತು.

ಈಗ ರಿಟರ್ನ್ ಹಾಕಿಸೋಕೆ ಯಾರು ಬಂದ್ರೂ ಮೊದಲು ರೇಷನ್ ಕಾರ್ಡ್ ಯಾವುದು ಅಂತ ಕೇಳ್ತೀನಿ. ಬಿಪಿಎಲ್ ಅಂದ್ರೆ ಹಿಂಗಿಂಗೆ ಆಗ್ಬೋದು ನೋಡಿ ಅಂತ ಹೇಳ್ತೀನಿ. ಒಬ್ಬಿಬ್ರು ವಾಪಸ್ ಹೋಗಿದಾರೆ, ಅವರು ಬಡ್ಡಿಯವನ ಹತ್ರ ಹೋಗಿರ್ತಾರೆ ಅಂತ ನಂಗೂ ಗೊತ್ತು.

ಹೋದ ವಾರ ಆಟೋ ಅಣ್ಣ ಮತ್ತೆ ಬಂದಿದ್ದ. ಅಮ್ಮನ ಚೆಕಪ್ಪಿಗೆ ಸೆಟ್ ಮಾಡ್ಸೋದಿತ್ತು. ಹನ್ನೆರಡು ರೂಪಾಯಿ ಬೇಡ ಅಂದ್ರೂ ಗಾಜಿನ ಮೇಲಿಟ್ಟ. ಹೋಗೋಕೆ ಮುಂಚೆ, ಮೀಟರ್ ಬಡ್ಡಿ ತೀರಿಸೋಕೆ ಬ್ಯಾಂಕಲ್ಲಿ ಟಾಪ್ ಅಪ್ ಕೇಳಿದೀನಿ, ಈ ವರ್ಷದ್ದೊಂದು ಐಟಿಆರ್ ಬೇಕಂತೆ, ಹಾಕ್ತೀಯಾ ಅಂದ. ನಾಳೆ ಬಾ ಅಂದೆ. ಮಾರನೇ ದಿನವೂ ಬಂದ, ಕರೆಂಟಿಲ್ಲ ಅಂದೆ. ಕರೆಂಟ್ ಇತ್ತು, ಹಿಂದೆ ಫ್ಯಾನ್ ತಿರುಗ್ತಾ ಇತ್ತು, ಅವನೂ ನೋಡ್ದ.